ಎಂ 61ರ ಪಕ್ಕದ ಆ ಚುಕ್ಕೆ ಸೂಪರ್‌ನೋವಾನಾ?

ಪ್ರಶ್ನೆ: ವಿರಾಜಪೇಟೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಹೋದ ವರ್ಷ 8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಸೆಕೆಂಡ್‌ಹ್ಯಾಂಡ್‌ನಲ್ಲಿ ತೆಗೆದುಕೊಂಡೆ. ಈ ಮಾರ್ಚ್‌ನಲ್ಲಿ ಕಾಫಿ ಕೆಲಸ ಮುಗಿದ ಮೇಲೆ ಅದನ್ನು ಕಣದಲ್ಲಿಟ್ಟು ಕನ್ಯಾ ರಾಶಿಯ ಎಂ 61 ಗೆಲಾಕ್ಸಿ ಹುಡುಕಿದೆ. ಮಸುಕು ಮಚ್ಚೆ ಸಿಕ್ಕಿತು. ಅದರ ಅಂಚಿನಲ್ಲೇ ಒಂದು ಚುಕ್ಕೆ! ಮೊಬೈಲ್ ಆಪ್‌ನ ನಕ್ಷೆಯಲ್ಲಿ ಅದಿಲ್ಲ. ಕಣ್ಣಿಡುವ ಲೆನ್ಸ್‌ಗೆ, ಅಂದರೆ ಐಪೀಸ್‌ಗೆ, ಫೋನ್ ಹಿಡಿದು ಫೋಟೋ ತೆಗೆದೆ, ಏನೋ ಒಂದು ಕಾಣುತ್ತದೆ. ಮರುದಿನ ಮೋಡ. ಮೂರನೇ ರಾತ್ರಿ ನೋಡಿದರೆ ಆ ಜಾಗ ಖಾಲಿ. ಸ್ವಲ್ಪ ದೂರದಲ್ಲಿ ಅಂಥದ್ದೇ ಇನ್ನೊಂದು ಚುಕ್ಕೆ ಇತ್ತು. ಸೂಪರ್‌ನೋವಾ ಉರಿದು ಆರಿಹೋಯಿತಾ? ಯಾರಿಗಾದರೂ ತಿಳಿಸಬೇಕಿತ್ತಾ? ಇನ್ನೊಂದು ಮಾತು. ಮಗಳು ಐದು ತಿಂಗಳ ಗರ್ಭಿಣಿ, ನೋಡಬೇಕು ಅಂತ ಆಸೆ. ಆದರೆ ನನ್ನ ತಾಯಿ "ನಕ್ಷತ್ರ ಸಿಡಿದ ಬೆಳಕು ಹೊಟ್ಟೆಗೆ ಒಳ್ಳೆಯದಲ್ಲ" ಅಂತಾರೆ. ಕೊನೆಯದಾಗಿ, ಇಂಥದ್ದನ್ನು ನೋಡಲು ದೊಡ್ಡ ಟೆಲಿಸ್ಕೋಪ್ ಬೇಕಾ, ಅಥವಾ ಈಗ ಬರುವ ಸ್ಮಾರ್ಟ್ ಟೆಲಿಸ್ಕೋಪ್ ಸಾಕಾ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಮೂರಿದ್ದರೂ ಸಂಕಟ ಒಂದೇ: ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೇನೋ ಅನ್ನುವುದು. ಮೊದಲು ಅದನ್ನೇ ಬಗೆಹರಿಸೋಣ. ನೀವು ಏನನ್ನೂ ಕಳೆದುಕೊಂಡಿಲ್ಲ. ನೀವು ನೋಡಿದ್ದು ಬಹುಮಟ್ಟಿಗೆ ಒಂದು ಕ್ಷುದ್ರಗ್ರಹ, ಅಂದರೆ ಸೂರ್ಯನನ್ನು ಸುತ್ತುವ ಒಂದು ಬಂಡೆ. ಇದನ್ನು ನಾನು ಊಹೆಯಿಂದ ಹೇಳುತ್ತಿಲ್ಲ, ನಿಮ್ಮ ಪತ್ರದಲ್ಲೇ ಸುಳಿವಿದೆ.

ಸೂಪರ್‌ನೋವಾ, ಅಂದರೆ ಸಿಡಿದ ನಕ್ಷತ್ರ, ಎರಡು ದಿನದಲ್ಲಿ ಆರುವುದಿಲ್ಲ. ಅದು ಪಟಾಕಿಯಲ್ಲ. ಸಿಡಿದ ಮೇಲೆ ಬೆಳಕು ಏರುವುದಕ್ಕೇ ಎಷ್ಟೋ ದಿನ ಬೇಕು, ಇಳಿಯುವುದಕ್ಕೆ ವಾರಗಳು, ತಿಂಗಳುಗಳು. ಜಾಗವನ್ನಂತೂ ಬಿಟ್ಟು ಕದಲುವುದಿಲ್ಲ. ನಿಮ್ಮ ಚುಕ್ಕೆ ಮೂರನೇ ರಾತ್ರಿ ಅಲ್ಲಿರಲಿಲ್ಲ, ಸ್ವಲ್ಪ ದೂರದಲ್ಲಿ "ಅಂಥದ್ದೇ ಇನ್ನೊಂದು" ಇತ್ತು. ಅದು ಇನ್ನೊಂದಲ್ಲ, ಅದೇ. ನಡೆದು ಹೋಗಿತ್ತು ಅಷ್ಟೆ.

ಎಂ 61 ಇರುವುದು ಸೂರ್ಯ, ಚಂದ್ರ, ಗ್ರಹಗಳು ಓಡಾಡುವ ದಾರಿಯ ಪಕ್ಕದಲ್ಲೇ, ಆರೇಳು ಡಿಗ್ರಿ ಆಚೆ. ಕ್ಷುದ್ರಗ್ರಹಗಳಿಗೂ ಅದೇ ಹೆದ್ದಾರಿ. ಮೇಲಾಗಿ ಮಾರ್ಚ್ ಕೊನೆಯಲ್ಲಿ ಕನ್ಯಾ ರಾಶಿಯ ಆ ಭಾಗ ಸೂರ್ಯನಿಗೆ ನೇರ ಎದುರು ಬರುತ್ತದೆ. ಅಲ್ಲಿ ಆಗ ಇರುವ ಕ್ಷುದ್ರಗ್ರಹಗಳು ನಮಗೆ ಹತ್ತಿರವಾಗಿ, ಅವುಗಳ ಮಟ್ಟಿಗೆ ಅತಿ ಹೆಚ್ಚು ಬೆಳಗುತ್ತಿರುತ್ತವೆ. ಇಂಥದ್ದೊಂದು ದಿನಕ್ಕೆ ಸುಮಾರು ಕಾಲು ಡಿಗ್ರಿ ಸರಿಯುತ್ತದೆ. ಎರಡು ದಿನಕ್ಕೆ ಅರ್ಧ ಡಿಗ್ರಿ, ಅಂದರೆ ಹುಣ್ಣಿಮೆ ಚಂದ್ರನ ಅಗಲ. ನಿಮ್ಮ ಟೆಲಿಸ್ಕೋಪ್‌ಗೆ 25 ಮಿ.ಮೀ. ಐಪೀಸ್ ಹಾಕಿದರೆ ಸುಮಾರು ಒಂದು ಡಿಗ್ರಿ ಆಕಾಶ ಕಾಣುತ್ತದೆ. ಮೊದಲ ದಿನ ಗೆಲಾಕ್ಸಿಗೆ ಅಂಟಿಕೊಂಡಿದ್ದದ್ದು ಮೂರನೇ ದಿನ ನೋಟದ ಅಂಚಿಗೆ ಹೋಗಿರುತ್ತದೆ. "ಸ್ವಲ್ಪ ದೂರ" ಅಂತ ನೀವು ಬರೆದದ್ದು ಇಷ್ಟೇ ಇರಬೇಕು ಅಲ್ವಾ?

ನಾಚಿಕೆ ಪಡಬೇಡಿ. ಇದೇ ಗುಂಡಿಗೆ ನಾನೂ ಬಿದ್ದಿದ್ದೇನೆ. ಟೆಲಿಸ್ಕೋಪ್ ರಿಪೇರಿ, ಆಕಾಶ ನೋಡುವ ಶಿಬಿರ ಇದೇ ನನ್ನ ಕಸುಬು. ವರ್ಷಗಳ ಹಿಂದೆ ಸೋಮವಾರಪೇಟೆ ಹತ್ತಿರದ ಒಂದು ತೋಟದಲ್ಲಿ ಶಿಬಿರ. ಸಿಂಹ ರಾಶಿಯ ಎಂ 66 ಪಕ್ಕ ಒಂದು ಹೊಸ ಚುಕ್ಕೆ ಕಂಡಿತು. ಮಲಗಿದ್ದವರನ್ನೆಲ್ಲ ಎಬ್ಬಿಸಿದೆ. ರಾತ್ರಿ ಒಂದೂವರೆಗೆ ಬೆಂಗಳೂರಿನ ಗೆಳೆಯನಿಗೆ ಫೋನ್ ಮಾಡಿದೆ. ಅವನು ಆಕಳಿಸುತ್ತಲೇ ಕೇಳಿದ: "ಒಂದು ಗಂಟೆ ಬಿಟ್ಟು ನೋಡಿದ್ಯಾ?" ಇಲ್ಲ. ಕಾಫಿ ಕುಡಿದು, ಚಿತ್ರ ಬರೆದು, ಒಂದು ಗಂಟೆ ಬಿಟ್ಟು ನೋಡಿದೆ. ಪಕ್ಕದ ಎರಡು ನಕ್ಷತ್ರಗಳ ನೇರಕ್ಕಿದ್ದ ಚುಕ್ಕೆ ನೇರ ತಪ್ಪಿತ್ತು. ಎಬ್ಬಿಸಿಕೊಂಡವರು ಬೆಳಿಗ್ಗೆವರೆಗೆ ನನ್ನನ್ನು ಬಿಡಲಿಲ್ಲ.

ಒಂದು ಗಂಟೆಯಲ್ಲಿ ಕ್ಷುದ್ರಗ್ರಹ ಸರಿಯುವುದು ಟೆಲಿಸ್ಕೋಪ್‌ನಲ್ಲಿ ಗುರುಗ್ರಹದ ತಟ್ಟೆ ಎಷ್ಟು ಅಗಲ ಕಾಣುತ್ತದೋ ಹೆಚ್ಚುಕಡಿಮೆ ಅಷ್ಟು. ಕಣ್ಣಂದಾಜಿಗೆ ಸಿಗುವುದಿಲ್ಲ. ಕಾಗದದ ಮೇಲೆ ಸುತ್ತಲಿನ ನಾಲ್ಕು ನಕ್ಷತ್ರಗಳ ಜೊತೆ ಗುರುತು ಹಾಕಿದ್ದರೆ ಖಂಡಿತ ಸಿಗುತ್ತದೆ. ಪೆನ್ಸಿಲ್, ಕಾಗದ, ಕೆಂಪು ಗಾಜುಕಾಗದ ಸುತ್ತಿದ ಟಾರ್ಚ್, ಇಷ್ಟು ಸಾಕು.

ಇನ್ನು ಆಪ್‌ನ ನಕ್ಷೆಯಲ್ಲಿ ಇಲ್ಲ ಅನ್ನುವ ವಾದ. ಅದು ಸಾಕ್ಷಿಯೇ ಅಲ್ಲ. ಆಪ್‌ಗಳು ಒಂದು ಮಟ್ಟಕ್ಕಿಂತ ಮಂಕಾದ ನಕ್ಷತ್ರಗಳನ್ನು ತೋರಿಸುವುದೇ ಇಲ್ಲ. ನಿಮ್ಮ 8 ಇಂಚಿಗೆ ಕಾಣುವ ನಕ್ಷತ್ರಗಳಲ್ಲಿ ಎಷ್ಟೋ ಆ ನಕ್ಷೆಯಲ್ಲಿ ಇರುವುದಿಲ್ಲ. ಹೋಲಿಸಬೇಕಾದದ್ದು ನಿಜವಾದ ಫೋಟೋ ಜೊತೆ. ಅಲಾಡಿನ್ ಲೈಟ್ ಅನ್ನುವ ಉಚಿತ ವ್ಯವಸ್ಥೆಯಲ್ಲಿ ಎಂ 61 ಅಂತ ಹಾಕಿದರೆ ಡಿಜಿಟೈಜ್ಡ್ ಸ್ಕೈ ಸರ್ವೆಯ ಹಳೆಯ ಫೋಟೋ ಬರುತ್ತದೆ. ಆದರೆ ಹುಷಾರ್. ಡಾಬ್ಸೋನಿಯನ್ ನಿಮಗೆ ತಲೆಕೆಳಗಾದ ಚಿತ್ರ ಕೊಡುತ್ತದೆ. ಫೋಟೋವನ್ನು ಅರ್ಧ ಸುತ್ತು ತಿರುಗಿಸಿಯೇ ಹೋಲಿಸಬೇಕು, ಆಮೇಲೂ ಸ್ವಲ್ಪ ಆಚೀಚೆ ವಾಲಿಸಬೇಕಾಗುತ್ತದೆ. "ಹೊಸ ನಕ್ಷತ್ರ" ಅಂತ ನನಗೆ ಬರುವ ಫೋಟೋಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ.

ಫೋನ್ ಫೋಟೋ ಇನ್ನೂ ಮೋಸ. ನೈಟ್ ಮೋಡ್ ತನಗೆ ಚಂದ ಕಂಡಂತೆ ಚಿತ್ರವನ್ನು ತಿದ್ದುತ್ತದೆ. ಮಂಕು ನಕ್ಷತ್ರವನ್ನು ಕಲೆ ಅಂದುಕೊಂಡು ಒರೆಸುತ್ತದೆ, ಸೆನ್ಸರ್‌ನ ಕೆಟ್ಟ ಪಿಕ್ಸೆಲ್ ಒಂದನ್ನು ನಕ್ಷತ್ರದಂತೆ ಉಳಿಸುತ್ತದೆ. ಎಂ 61ರದ್ದೇ ಇನ್ನೊಂದು ತಂಟೆಯಿದೆ. ಅದರ ನಡುಮಧ್ಯ ಚೂಪಾಗಿ, ನಕ್ಷತ್ರದ ಹಾಗೇ ಹೊಳೆಯುತ್ತದೆ. ಅದು ಗೆಲಾಕ್ಸಿಯ ತಿರುಳು. ಅದನ್ನೇ ಸೂಪರ್‌ನೋವಾ ಅಂದುಕೊಂಡವರು ಬೇಕಾದಷ್ಟು ಜನ.

ಹಾಗಿದ್ದರೆ ನಿಜವಾದ ಸೂಪರ್‌ನೋವಾ ಹೇಗೆ ಕಾಣುತ್ತದೆ? ನಿರಾಸೆಯಾಗಬಹುದು, ಅದೂ ಒಂದು ಚುಕ್ಕೆಯೇ. ಬಣ್ಣದ ಮೋಡ, ಬೆಂಕಿ ಉಂಡೆ ಎಲ್ಲ ಪತ್ರಿಕೆಗಳ ಚಿತ್ರದಲ್ಲಿ ಮಾತ್ರ. ಇದು ನಿನ್ನೆಯವರೆಗೆ ಇರದೆ ಇದ್ದ ಚುಕ್ಕೆ, ಅಷ್ಟೇ ವ್ಯತ್ಯಾಸ. ಹಾಗಾಗಿ ನಿನ್ನೆ ಏನಿತ್ತು ಅನ್ನುವುದು ಗೊತ್ತಿದ್ದವರಿಗೆ ಮಾತ್ರ ಅದು ಸಿಗುತ್ತದೆ. ನಿಮ್ಮ ತೋಟದಲ್ಲಿ ಒಂದು ಬಳ್ಳಿ ಕರಿಮೆಣಸು ಸೊರಗಿದರೆ ನಿಮಗೆ ದೂರದಿಂದಲೇ ಗೊತ್ತಾಗುತ್ತದೆ. ನನಗೆ ತೋರಿಸಿದರೂ ಗೊತ್ತಾಗುವುದಿಲ್ಲ. ಗೆಲಾಕ್ಸಿಗಳ ಕತೆಯೂ ಇದೇ.

ಆಸ್ಟ್ರೇಲಿಯಾದ ರಾಬರ್ಟ್ ಇವಾನ್ಸ್ ಚರ್ಚಿನ ಪಾದ್ರಿಯಾಗಿದ್ದರು. ಅವರು ನೂರಾರು ಗೆಲಾಕ್ಸಿಗಳ ಸುತ್ತಲಿನ ನಕ್ಷತ್ರಗಳನ್ನು ಬಾಯಿಪಾಠ ಮಾಡಿದ್ದರು. 10 ಇಂಚಿನ ಟೆಲಿಸ್ಕೋಪ್‌ನಿಂದ ಶುರು ಮಾಡಿ, ಬರಿಗಣ್ಣನ್ನು ಐಪೀಸ್‌ಗೆ ಇಟ್ಟೇ 40ಕ್ಕೂ ಹೆಚ್ಚು ಸೂಪರ್‌ನೋವಾ ಹಿಡಿದರು. ನಿಮ್ಮದು 8 ಇಂಚು. ಅಂತರ ಏನು ಮಹಾ?

ಸ್ವಲ್ಪ ಲೆಕ್ಕ ನೋಡೋಣ. ಮ್ಯಾಗ್ನಿಟ್ಯೂಡ್ ಅಂದರೆ ಹೊಳಪಿನ ಅಳತೆ, ಅಂಕಿ ಜಾಸ್ತಿಯಾದಷ್ಟೂ ಹೊಳಪು ಕಡಿಮೆ. ಕತ್ತಲ ರಾತ್ರಿಯಲ್ಲಿ ಬರಿಗಣ್ಣಿಗೆ 6ರವರೆಗೆ ಕಾಣುತ್ತದೆ. ನಿಮ್ಮ ಟೆಲಿಸ್ಕೋಪ್‌ಗೆ 14ರ ಹತ್ತಿರದವರೆಗೆ. ಎಂ 61 ಇರುವುದು ಸುಮಾರು 5 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಅಲ್ಲಿ ಸಿಡಿಯುವ ಸೂಪರ್‌ನೋವಾ ನಿಮಗೆ ಕಾಣುತ್ತದೋ ಇಲ್ಲವೋ ಅನ್ನುವುದು ಅದು ಯಾವ ಜಾತಿಯದು ಅನ್ನುವುದರ ಮೇಲೆ ನಿಂತಿದೆ.

ಜಾತಿ ಮುಖ್ಯವಾಗಿ ಎರಡು. ಒಂದರಲ್ಲಿ, ಸೂರ್ಯನಿಗಿಂತ ಎಂಟು ಪಟ್ಟಿಗೂ ಜಾಸ್ತಿ ತೂಕದ ನಕ್ಷತ್ರ ಉರುವಲು ಮುಗಿಸುತ್ತದೆ. ಒಳಗೆ ಕಬ್ಬಿಣದ ತಿರುಳು ಉಳಿಯುತ್ತದೆ. ಕಬ್ಬಿಣ ಬೆಸೆದರೆ ಶಕ್ತಿ ಹುಟ್ಟುವುದಿಲ್ಲ. ಆಸರೆ ತಪ್ಪಿದ, ಹೆಚ್ಚುಕಡಿಮೆ ಭೂಮಿಯಷ್ಟು ದೊಡ್ಡ ತಿರುಳು ಒಂದು ಸೆಕೆಂಡಿನೊಳಗೆ ಕುಸಿದು 20–25 ಕಿ.ಮೀ. ಅಗಲದ ಉಂಡೆಯಾಗುತ್ತದೆ. ನಿಮ್ಮ ವಿರಾಜಪೇಟೆಯಿಂದ ಗೋಣಿಕೊಪ್ಪದ ದಾರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆ ಕುಸಿತದ ಹೊಡೆತಕ್ಕೆ ಹೊರಗಿನದ್ದೆಲ್ಲ ಸಿಡಿಯುತ್ತದೆ. ಇದು ಟೈಪ್ 2.

ಇನ್ನೊಂದು ಟೈಪ್ 1ಎ. ಶ್ವೇತಕುಬ್ಜ ಅನ್ನುವ ಸತ್ತ ನಕ್ಷತ್ರ ಜೊತೆಗಾರ ನಕ್ಷತ್ರದಿಂದ ದ್ರವ್ಯ ಎಳೆದುಕೊಳ್ಳುತ್ತ, ಸೂರ್ಯನ ತೂಕದ 1.4 ಪಟ್ಟಿನ ಹತ್ತಿರ ಬಂದಾಗ ಇಡಿಯಾಗಿ ಹೊತ್ತಿ ಸಿಡಿಯುತ್ತದೆ. ಎರಡು ಶ್ವೇತಕುಬ್ಜಗಳು ಡಿಕ್ಕಿ ಹೊಡೆದೂ ಹೀಗಾಗಬಹುದು. ಆ 1.4ರ ಮಿತಿಗೆ ಚಂದ್ರಶೇಖರ್ ಮಿತಿ ಅಂತಲೇ ಹೆಸರು. 1930ರಲ್ಲಿ ಇಂಗ್ಲೆಂಡಿಗೆ ಓದಲು ಹೊರಟ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹಡಗಿನಲ್ಲಿ ಕುಳಿತು ಹಾಕಿದ ಲೆಕ್ಕದಿಂದ ಬಂದದ್ದು. ಆಗ ಅವರಿಗೆ 19 ವರ್ಷ.

ಎಂ 61ರ ದೂರದಲ್ಲಿ ಟೈಪ್ 1ಎ ಸಿಡಿದರೆ ಹೊಳಪು 12ರ ಆಸುಪಾಸು ಬರಬಹುದು. ನಿಮಗೆ ಆರಾಮಾಗಿ ಕಾಣುತ್ತದೆ. ಟೈಪ್ 2 ಆದರೆ 14ರ ಆಸುಪಾಸು. ಕಣ್ಣು ಕಿರಿದು ಮಾಡಿಕೊಂಡು ಒದ್ದಾಡಬೇಕು. ದೂಳು ಅಡ್ಡ ಬಂದರೆ ಅದೂ ಇಲ್ಲ. ನೀವು ಆರಿಸಿಕೊಂಡ ಗೆಲಾಕ್ಸಿ ಮಾತ್ರ ಬಲು ಒಳ್ಳೆಯದು. 1926ರಿಂದ ಈಚೆಗೆ ಎಂ 61ರಲ್ಲಿ ಎಂಟು ಸೂಪರ್‌ನೋವಾಗಳು ಸಿಕ್ಕಿವೆ. ಸಾಮಾನ್ಯ ಗೆಲಾಕ್ಸಿಯಲ್ಲಿ ನೂರು ವರ್ಷಕ್ಕೆ ಒಂದೋ ಎರಡೋ. ಕೊಡಗಿನಿಂದ ನೋಡುವವರಿಗೆ ಇನ್ನೊಂದು ಲಾಭ. ಯುರೋಪಿನವರು ಬರೆದ ಪುಸ್ತಕಗಳು ಎಂ 81, ಎಂ 82 ನೋಡಿ ಅನ್ನುತ್ತವೆ. ನಮಗೆ ಅವು ಉತ್ತರದಲ್ಲಿ 33 ಡಿಗ್ರಿಗಿಂತ ಮೇಲೆ ಏರುವುದೇ ಇಲ್ಲ, ಸಿಲ್ವರ್ ಓಕ್ ಮರಗಳ ಹಿಂದೆ ಹೋಗುತ್ತವೆ. ಎಂ 61 ಮಾತ್ರ ಹೆಚ್ಚುಕಡಿಮೆ ನೆತ್ತಿಗೇ ಬರುತ್ತದೆ. ಹತ್ತು ಸೂಪರ್‌ನೋವಾ ಕಂಡ ಎನ್‌ಜಿಸಿ 6946 ಅನ್ನುವ ಗೆಲಾಕ್ಸಿಯೊಂದಿದೆ. ಅದು ರಾತ್ರಿಯಲ್ಲಿ ಎತ್ತರಕ್ಕೆ ಬರುವುದು ಸರಿಯಾಗಿ ನಮ್ಮ ಮಳೆಗಾಲದಲ್ಲಿ. ಅದರ ಆಸೆ ಬಿಡಿ.

ಇನ್ನು ನಿಮ್ಮ ತಾಯಿಯವರ ಮಾತು. ಅವರನ್ನು ನೋಡಿ ನಗಬೇಡಿ. ಗ್ರಹಣಕ್ಕೆ ಹೇಳುವ ಮಾತನ್ನೇ ಇದಕ್ಕೂ ಹೇಳಿದ್ದಾರೆ, ಕಾಳಜಿಯಿಂದಲೇ. ಆದರೆ ವಿಷಯ ಹಾಗಿಲ್ಲ. 5 ಕೋಟಿ ಜ್ಯೋತಿರ್ವರ್ಷ ದೂರದ ಬೆಳಕು ಅಂದರೆ ಎಷ್ಟು ಮಂಕು ಅಂತ ಆಗಲೇ ನೋಡಿದಿರಿ, 8 ಇಂಚಿನ ಕನ್ನಡಿಯಲ್ಲಿ ಒಟ್ಟು ಮಾಡಿದರೂ ಕಣ್ಣಿಗೆ ಕಷ್ಟಪಟ್ಟು ಕಾಣುವಷ್ಟು. ಆ ಬೆಳಕು ಮಗಳು ಟೆಲಿಸ್ಕೋಪ್‌ನಲ್ಲಿ ನೋಡಿದರೂ ಬೀಳುತ್ತದೆ, ಹೊರಗೆ ಬಟ್ಟೆ ಒಣಗಿಸಲು ಹೋದರೂ ಬೀಳುತ್ತದೆ. ಭೂಮಿಗೆ ತೊಂದರೆಯಾಗಬೇಕಾದರೆ ಸೂಪರ್‌ನೋವಾ 50 ಜ್ಯೋತಿರ್ವರ್ಷದೊಳಗೆ ಆಗಬೇಕು. ಅಷ್ಟು ಹತ್ತಿರ ಅಂಥ ನಕ್ಷತ್ರವೇ ಇಲ್ಲ. ಎಲ್ಲರೂ ಕೇಳುವ ಆರ್ದ್ರಾ ನಕ್ಷತ್ರ 500ಕ್ಕೂ ಹೆಚ್ಚು ಜ್ಯೋತಿರ್ವರ್ಷ ಆಚೆ ಇದೆ, ಸಿಡಿಯಲು ಇನ್ನೂ ಲಕ್ಷ ವರ್ಷ ತೆಗೆದುಕೊಂಡೀತು. (ಅದೇನಾದರೂ ಆರಿದ್ರಾ ಮಳೆಯ ಹೊತ್ತಿಗೇ ಸಿಡಿದರೆ ಜಗತ್ತೆಲ್ಲ ನೋಡುತ್ತದೆ, ಕೊಡಗಿನವರು ಮಾತ್ರ ಕೊಡೆ ಹಿಡಿದುಕೊಂಡು ಮೋಡ ನೋಡುತ್ತಿರುತ್ತೀರಿ.)

ಮಗಳು ಧಾರಾಳವಾಗಿ ನೋಡಲಿ. ನನಗೆ ಹೆದರಿಕೆ ಬೇರೆಯದಕ್ಕೆ. ಕತ್ತಲಲ್ಲಿ ಕಣದ ಅಂಚು ಎಡವುವುದು, ಮಂಜಿಗೆ ನೆಂದ ಸಿಮೆಂಟಿನ ಮೇಲೆ ಕಾಲು ಜಾರುವುದು. ಒಂದು ಗಟ್ಟಿ ಕುರ್ಚಿ ಹಾಕಿ, ಕೂತೇ ನೋಡುವಂತೆ ಮಾಡಿ. ನಿಮ್ಮ ಕಡೆ ಆನೆಯ ವಿಷಯ ನಾನು ಹೇಳಬೇಕಾಗಿಲ್ಲ. ಕಣ್ಣು ಕತ್ತಲಿಗೆ ಹೊಂದಲಿ ಅಂತ ನಾವು ಎಲ್ಲ ದೀಪ ಆರಿಸಿ ಸುಮ್ನೆ ಕೂರುತ್ತೇವೆ. ಆನೆ ಬರುವ ದಾರಿಯಲ್ಲಿ ಅದಕ್ಕಿಂತ ದಡ್ಡತನ ಇನ್ನೊಂದಿಲ್ಲ. ಆ ವಾರ ಪಕ್ಕದ ತೋಟದಲ್ಲಿ ಆನೆ ಇದೆ ಅಂತ ಸುದ್ದಿ ಬಂದರೆ ಗೆಲಾಕ್ಸಿಗೆ ರಜೆ ಕೊಡಿ. ಅದು ಎಲ್ಲಿಗೂ ಹೋಗುವುದಿಲ್ಲ. ಹಾಗೆಯೇ ಹಗಲಲ್ಲಿ ಮುಚ್ಚಳ ತೆಗೆದ ಟೆಲಿಸ್ಕೋಪ್ ಕಣದಲ್ಲಿ ಬಿಡಬೇಡಿ. ಕಣ್ಣು ಹೋಗುವುದಾದರೆ ಸೂರ್ಯನಿಂದ ಹೋಗುತ್ತದೆ, ಸೂಪರ್‌ನೋವಾದಿಂದಲ್ಲ.

ಈಗ ದುಡ್ಡಿನ ಪ್ರಶ್ನೆ. ದೊಡ್ಡ ಟೆಲಿಸ್ಕೋಪ್ ಕೊಂಡರೆ ಮಂಕಾದದ್ದು ಕಾಣುತ್ತದೆ, ಸುಳ್ಳಲ್ಲ. 12 ಇಂಚಿನದ್ದು ನಿಮ್ಮದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಬೆಳಕು ಹಿಡಿಯುತ್ತದೆ. ಆದರೆ ಅದನ್ನು ಹೊರಗೆ ತರಲು ಇಬ್ಬರು ಬೇಕು. ಇಬ್ಬರು ಬೇಕಾದ ಟೆಲಿಸ್ಕೋಪ್ ಮೂರನೇ ತಿಂಗಳಿಗೆ ಮೂಲೆ ಸೇರುವುದನ್ನು ನಾನು ತುಂಬ ಮನೆಗಳಲ್ಲಿ ಕಂಡಿದ್ದೇನೆ. ಜೊತೆಗೆ ನಿಮ್ಮೂರಿನ ತೇವ. ಜೂನ್‌ನಲ್ಲಿ ಪೆಟ್ಟಿಗೆ ಮುಚ್ಚಿಟ್ಟು ಅಕ್ಟೋಬರ್‌ನಲ್ಲಿ ತೆಗೆದರೆ ಐಪೀಸ್ ಒಳಗೆ ಜೇಡರ ಬಲೆಯ ಹಾಗೆ ಫಂಗಸ್ ಹರಡಿರುತ್ತದೆ, ಕನ್ನಡಿಯ ಮೇಲೆ ಮೊಸರು ಚೆಲ್ಲಿದ ಹಾಗೆ ಕಲೆ. ನನ್ನ ಬಳಿ ರಿಪೇರಿಗೆ ಬರುವ ಕೊಡಗು, ಮಲೆನಾಡಿನ ಟೆಲಿಸ್ಕೋಪ್‌ಗಳ ಕಾಯಿಲೆ ಇದೇ. ಐಪೀಸ್‌ಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ತಿಂಗಳಿಗೊಮ್ಮೆ ಜೆಲ್ ಬಿಸಿ ಮಾಡಿ ಒಣಗಿಸಿ. ಮಂಜಿನಲ್ಲಿ ನೆಂದ ಕನ್ನಡಿಯನ್ನು ಒರೆಸಬೇಡಿ, ಮುಚ್ಚಳವನ್ನೂ ತಕ್ಷಣ ಹಾಕಬೇಡಿ. ಒಳಗೆ ತಂದು, ಒಣಗಿದ ಮೇಲೆ ಮುಚ್ಚಿ. ದೊಡ್ಡದು ಕೊಳ್ಳುವ ಮೊದಲು ಇದ್ದದ್ದನ್ನು ಒಂದು ಮಳೆಗಾಲ ದಾಟಿಸಿ ನೋಡಿ.

ಸ್ಮಾರ್ಟ್ ಟೆಲಿಸ್ಕೋಪ್ ಬೇರೆ ಲೆಕ್ಕ. ಸೀಸ್ಟಾರ್ ಎಸ್ 50 ತರಹದ್ದರ ಲೆನ್ಸ್ ಬರೀ 50 ಮಿ.ಮೀ., ನಿಮ್ಮ ಕನ್ನಡಿಯ ಕಾಲು ಭಾಗ. ಆದರೂ ಹತ್ತು ಹತ್ತು ಸೆಕೆಂಡಿನ ಫೋಟೋಗಳನ್ನು ಒಂದರ ಮೇಲೊಂದು ಪೇರಿಸುತ್ತ ಹೋಗಿ, ಕತ್ತಲ ಆಕಾಶದಲ್ಲಿ ಅರ್ಧ ಗಂಟೆಗೆ 15ನೇ ಮ್ಯಾಗ್ನಿಟ್ಯೂಡ್ ದಾಟುತ್ತದೆ. ಗೆಲಾಕ್ಸಿಯನ್ನು ತಾನೇ ಹುಡುಕುತ್ತದೆ, ದಿನಾಂಕದ ಸಮೇತ ದಾಖಲೆ ಇಡುತ್ತದೆ. ಸೂಪರ್‌ನೋವಾ ಬೆನ್ನು ಹತ್ತುವುದೇ ಗುರಿಯಾದರೆ ದುಡ್ಡಿಗೆ ಇದೇ ಮೇಲು ಅಂತ ನಾನು ಒಪ್ಪುತ್ತೇನೆ. ಸಂಕಟ ಏನೆಂದರೆ ನೀವು ನೋಡುವುದು ಫೋನ್ ಪರದೆ. 5 ಕೋಟಿ ವರ್ಷ ಹಳೆಯ ಬೆಳಕು ನಿಮ್ಮದೇ ಕಣ್ಣಿಗೆ ಬಿತ್ತು ಅನ್ನುವ ಸುಖ ಅದರಲ್ಲಿಲ್ಲ. ಕೆಟ್ಟರೆ ಊರಲ್ಲಿ ರಿಪೇರಿಯೂ ಇಲ್ಲ. ನನ್ನ ಸಲಹೆ: ಈ ವರ್ಷ ಏನೂ ಕೊಳ್ಳಬೇಡಿ.

ಇದ್ದದ್ದರಲ್ಲೇ ಸುಧಾರಿಸುವುದು ಬೇಕಾದಷ್ಟಿದೆ. ಸಿಮೆಂಟ್ ಕಣ ಹಗಲೆಲ್ಲ ಕಾದು ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತದೆ, ಚಿತ್ರ ನೀರಿನೊಳಗೆ ಅಲುಗಿದಂತೆ ಅಲುಗುತ್ತದೆ. ಕಣದ ಪಕ್ಕದ ಹುಲ್ಲಿನ ಮೇಲಿಡಿ, ಅಥವಾ ತಡವಾಗಿ ಶುರು ಮಾಡಿ. ಮಾರ್ಚ್ ಮಧ್ಯದಲ್ಲಿ ಎಂ 61 ನೆತ್ತಿಗೆ ಬರುವುದೂ ರಾತ್ರಿ ಒಂದು ಗಂಟೆ ದಾಟಿದ ಮೇಲೆಯೇ. ಗದ್ದೆ ಬಯಲಿಗೆ ಇಳಿಯಬೇಡಿ, ಮಂಜು ಮೊದಲು ತುಂಬುವುದು ಅಲ್ಲಿ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮರುರಾತ್ರಿ ಆಕಾಶ ತೊಳೆದ ತಟ್ಟೆಯಂತಿರುತ್ತದೆ, ಅದನ್ನು ತಪ್ಪಿಸಿಕೊಳ್ಳಬೇಡಿ. ಹುಣ್ಣಿಮೆಯ ಆಚೀಚಿನ ವಾರ ಬಿಟ್ಟುಬಿಡಿ. ಹುಣ್ಣಿಮೆ ಪುತ್ತರಿಗೆ ಕದಿರು ತೆಗೆಯಲು ಚಂದ, ಗೆಲಾಕ್ಸಿಗೆ ಶತ್ರು. 25 ಮಿ.ಮೀ. ಐಪೀಸ್‌ನಲ್ಲಿ ಹುಡುಕಿ, ಸಿಕ್ಕ ಮೇಲೆ 10 ಮಿ.ಮೀ. ಹಾಕಿ. ವರ್ಧನೆ ಜಾಸ್ತಿಯಾದಾಗ ಗೆಲಾಕ್ಸಿಯ ಮಸುಕು ಇನ್ನೂ ಮಂಕಾಗುತ್ತದೆ, ಚುಕ್ಕೆಗಳು ಎದ್ದು ಕಾಣುತ್ತವೆ. ನೇರ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿ, ಓರೆನೋಟಕ್ಕೇ ಮಂಕಾದದ್ದು ಸಿಗುವುದು.

ಮುಂದೆ ನಿಜವಾಗಿಯೂ ಅನುಮಾನ ಬಂದರೆ? ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಕದಲಿಲ್ಲವಾದರೆ ಹಳೆಯ ಫೋಟೋ ತಿರುಗಿಸಿ ಹೋಲಿಸಿ. ಅಲ್ಲೂ ಇಲ್ಲವಾದರೆ ಕ್ಷುದ್ರಗ್ರಹಗಳ ಲೆಕ್ಕ ಇಡುವ ಮೈನರ್ ಪ್ಲಾನೆಟ್ ಸೆಂಟರ್‌ನವರ ಜಾಲತಾಣದ ಎಂಪಿಚೆಕರ್‌ನಲ್ಲಿ ಜಾಗ ಮತ್ತು ಸಮಯ ಹಾಕಿ, ಆ ಹೊತ್ತಿಗೆ ಅಲ್ಲಿ ಯಾವ ಕ್ಷುದ್ರಗ್ರಹ ಇತ್ತು ಅಂತ ಅದು ಹೇಳುತ್ತದೆ. ಈಗಿನ ನಿಮ್ಮ ಚುಕ್ಕೆಯ ಹೆಸರೂ ಅಲ್ಲಿ ಸಿಗಬಹುದು, ಮೊದಲ ರಾತ್ರಿಯ ಫೋಟೋದಲ್ಲಿ ಸಮಯ ಇದ್ದೇ ಇರುತ್ತದಲ್ಲ. ಆಮೇಲೆ ಟ್ರಾನ್ಸಿಯೆಂಟ್ ನೇಮ್ ಸರ್ವರ್ ನೋಡಿ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧಿಕೃತ ಪಟ್ಟಿ ಅದು. ಅಲ್ಲೂ ಇಲ್ಲವಾದರೆ ಎರಡನೆಯವರಿಂದ ನೋಡಿಸಿ, ಆಮೇಲೆ ಅಲ್ಲಿಯೇ ವರದಿ ಮಾಡಿ. ಮೊದಲು "ಎಟಿ" ಅಂತ ಹೆಸರು ಸಿಗುತ್ತದೆ. ದೊಡ್ಡ ಟೆಲಿಸ್ಕೋಪ್‌ನವರು ಬೆಳಕನ್ನು ಬಿಡಿಸಿ ನೋಡಿ ಹೌದು ಅಂದ ಮೇಲೆ ಅದು "ಎಸ್‌ಎನ್" ಆಗುತ್ತದೆ. ನಮ್ಮಲ್ಲಿ ಈ ಕೆಲಸ ಲಡಾಖಿನ ಹಾನ್ಲೆಯ 2 ಮೀಟರ್ ಟೆಲಿಸ್ಕೋಪ್ ಮಾಡುತ್ತದೆ. ಅದನ್ನು ನಡೆಸುವುದು ಬೆಂಗಳೂರು ಪಕ್ಕದ ಹೊಸಕೋಟೆಯಲ್ಲಿ ಕೂತು.

ಮೊದಲು ಕಂಡ ಹೆಸರು ಸಿಗುತ್ತದಾ ಅಂದರೆ, ಆಸೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಈಗ ಹವಾಯಿ, ಕ್ಯಾಲಿಫೋರ್ನಿಯಾದ ಯಂತ್ರಗಳು ದಿನಾ ಆಕಾಶ ಜಾಲಾಡುತ್ತವೆ. ಆದರೂ 2023ರ ಮೇ 19ರಂದು ಎಂ 101ರ ಸೂಪರ್‌ನೋವಾವನ್ನು ಮೊದಲು ಹೇಳಿದ್ದು ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ. ಎಂ 61ರಲ್ಲಿ 2014ರಲ್ಲಿ ಸಿಕ್ಕಿದ್ದೂ ಅವರಿಗೇ, 13.6ರ ಹೊಳಪಿನಲ್ಲಿ. ನಿಮ್ಮ ಟೆಲಿಸ್ಕೋಪ್‌ನ ಅಂಚಿಗೆ ಸರಿಯಾಗಿ. 2016ರಲ್ಲಿ ಅರ್ಜೆಂಟೀನಾದ ರೊಸಾರಿಯೊ ಊರಿನ ಬೀಗ ರಿಪೇರಿಯವರು, ವಿಕ್ಟರ್ ಬುಸೊ, ಹೊಸ ಕ್ಯಾಮೆರಾ ಪರೀಕ್ಷಿಸುತ್ತಿದ್ದಾಗ ಸ್ಫೋಟ ಶುರುವಾಗುವ ಗಳಿಗೆಯೇ ಅವರ ಫೋಟೋಗಳಲ್ಲಿ ಸಿಕ್ಕಿತು.

ಬೇರೆಯವರು ಹಿಡಿದ ಸೂಪರ್‌ನೋವಾವನ್ನು ಹಿಂಬಾಲಿಸುವುದೂ ಒಳ್ಳೆ ಕೆಲಸವೇ. ಹೊಳಪು ಬದಲಾಗುವ ನಕ್ಷತ್ರಗಳನ್ನು ಗಮನಿಸುವವರ ಸಂಸ್ಥೆ, ಅಮೆರಿಕದ ಎಎವಿಎಸ್‌ಒ, ಪಕ್ಕದ ನಕ್ಷತ್ರಗಳ ಹೊಳಪು ಬರೆದ ನಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ಅವುಗಳ ಜೊತೆ ಹೋಲಿಸಿ ದಿನಾ ಅಂದಾಜು ಬರೆದುಕೊಳ್ಳಿ. ಟೈಪ್ 1ಎ ಆದರೆ ಶಿಖರ ದಾಟಿದ ಎರಡು ಮೂರು ವಾರಕ್ಕೆ ಸುಮಾರು ಒಂದು ಮ್ಯಾಗ್ನಿಟ್ಯೂಡ್ ಇಳಿದಿರುತ್ತದೆ. ಟೈಪ್ 2ರಲ್ಲಿ ಎಷ್ಟೋ ಸುಮಾರು ನೂರು ದಿನ ಒಂದೇ ಮಟ್ಟದಲ್ಲಿ ನಿಲ್ಲುತ್ತವೆ. ಮಾರ್ಚ್‌ನಲ್ಲಿ ಸಿಕ್ಕಿದರೆ ಮಳೆ ಹಿಡಿಯುವವರೆಗೂ ನಿಮಗೆ ಕೆಲಸ.

ಸದ್ಯಕ್ಕೆ ಎಂ 61, ಎಂ 66, ಎಂ 100 ಈ ಮೂರನ್ನೇ ಹಿಡಿದುಕೊಳ್ಳಿ. ಪ್ರತಿಯೊಂದಕ್ಕೂ ಒಂದು ಹಾಳೆ. ಸುತ್ತಲಿನ ನಕ್ಷತ್ರಗಳನ್ನು ಕೈಯಲ್ಲೇ ಬರೆಯಿರಿ, ಮಗಳು ಪಕ್ಕದಲ್ಲಿ ಕೂತು ಟಾರ್ಚ್ ಹಿಡಿಯಲಿ. ನಿಮ್ಮ ಆ ಮೊದಲ ರಾತ್ರಿಯ ಫೋಟೋವನ್ನು, ಫೋನ್ ತಿದ್ದದ ಮೂಲ ಪ್ರತಿ ಇದ್ದರೆ ಅದನ್ನೇ, ಸಮಯ ಬರೆದು ಕಳಿಸಿ. ಆ ಕ್ಷುದ್ರಗ್ರಹದ ಹೆಸರು ಹುಡುಕಿ ತಿಳಿಸುತ್ತೇನೆ.